ಬಿ.ಪಿ.ಯೂ ಸಕ್ಕರೆ ಕಾಯಿಲೆಯೂ: ಇಲಿಗಳು ಹೇಳಿದ ಇತಿಹಾಸ



ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಜೀವಮಾನವೆಲ್ಲ ಜಮಾ-ಖರ್ಚು ನೋಡಿದವನಿಗೆ ಒಂದು ಅಭ್ಯಾಸ ಉಳಿದುಬಿಟ್ಟಿದೆ. ಎರಡು ಖಾತೆಗಳ ನಡುವೆ ಸಂಬಂಧವಿದೆ ಎಂದು ಯಾರಾದರೂ ಹೇಳಿದರೆ, ಅದು ಎಲ್ಲಿಂದ ಬಂತು, ಯಾವ ತಾರೀಖಿನಿಂದ ಎಂದು ಹುಡುಕದೆ ನನಗೆ ಸಮಾಧಾನವಿಲ್ಲ. ಇವತ್ತು ನಾನು ಹೇಳಹೊರಟಿರುವ ಎರಡು ಖಾತೆಗಳು ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ತೆರೆದಿರುವಂಥವು. ಒಂದು ರಕ್ತದೊತ್ತಡ, ನಾವೆಲ್ಲ ಬಿ.ಪಿ. ಎನ್ನುವುದು. ಇನ್ನೊಂದು ಸಕ್ಕರೆ ಕಾಯಿಲೆ, ನಮ್ಮ ತೆಲುಗು ನೆರೆಯವರು ಚಕ್ಕೆರ ವ್ಯಾಧಿ ಎನ್ನುವುದು.

ಪೆದ್ದೆಮುಲ್‌ನಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಂದು ಸಂಜೆ ನನ್ನ ಅಣ್ಣ ಹೇಳಿದ ಮಾತಿನಿಂದ ಈ ಹುಡುಕಾಟ ಸುರುವಾಯಿತು.

"ತಮ್ಮಾ, ನಾ ಬಿ.ಪಿ. ಗುಳಿಗಿ ಬಿಟ್ಟೀನಿ" ಎಂದ.

"ಯಾಕಣ್ಣಾ?" ಎಂದೆ.

"ಬಿ.ಪಿ. ಗುಳಿಗಿ ತಿಂದ್ರ ಶುಗರ್ ಬರ್ತದಂತ. ತಾಂಡೂರ ಸಂತ್ಯಾಗ ಒಬ್ಬಾಂವ ಹೇಳ್ದ. ಇರೋ ಜಡ್ಡೇ ಸಾಕಾಗ್ಯಾದ, ಇನ್ನೊಂದ್ಯಾಕ ಮೈಮ್ಯಾಲ ಹಾಕ್ಕೊಳ್ಳಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ಮನಾದೆ. ಅಂದು ಸುಮ್ಮನಿದ್ದುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಹಲ್ಲುಜ್ಜುತ್ತಿದ್ದ ಅಣ್ಣನ ಬಾಯಿ ಸೊಟ್ಟಗಾಯಿತು, ಎಡಗೈ ಜೋತುಬಿತ್ತು. ಲಕ್ವ ಹೊಡೆದಿತ್ತು. ಜೀವ ಉಳಿಯಿತು. ಆದರೆ ಇಂದಿಗೂ ಜೋಳದ ರೊಟ್ಟಿ ಮುರಿದುಕೊಡಲು ಅತ್ತಿಗೆ ಪಕ್ಕದಲ್ಲಿ ಕೂಡಬೇಕು.

ಬಿ.ಪಿ.ಯಿಂದ ಶುಗರ್ ಬರುತ್ತದೆಯೇ? ಗುಳಿಗೆಯಿಂದ ಬರುತ್ತದೆಯೇ? ಇಲ್ಲವೇ ಎರಡಕ್ಕೂ ಒಂದೇ ಬೇರು ಇದೆಯೇ? ಈ ಪ್ರಶ್ನೆಗಳನ್ನು ಬಿಡಿಸಿದವರಲ್ಲಿ ಪ್ರಯೋಗಶಾಲೆಯ ಮೂಕ ಪ್ರಾಣಿಗಳ ಪಾಲು ದೊಡ್ಡದು. ಆ ಕಥೆಯನ್ನೇ ಇಂದು ಹೇಳುತ್ತೇನೆ.

ಮೊದಲು ರಕ್ತದೊತ್ತಡದ ಖಾತೆ ನೋಡೋಣ. ರಕ್ತಕ್ಕೆ ಒತ್ತಡವಿದೆ ಎಂದು ಮೊಟ್ಟಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಒಂದು ಹೆಣ್ಣು ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದರು. ರಕ್ತ ಅದರಲ್ಲಿ ಎಂಟು ಅಡಿ ಮೂರು ಅಂಗುಲ ಎತ್ತರಕ್ಕೆ ಏರಿತು. ಈ ಪ್ರಯೋಗದ ಪುಸ್ತಕ ಅಚ್ಚಾದದ್ದು 1733ರಲ್ಲಿ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಾಯವನ್ನು ಇಟಲಿಯ ರೀವಾ-ರೋಚಿ ಎಂಬ ವೈದ್ಯರು 1896ರಲ್ಲಿ ಕೊಟ್ಟರು.

ಒತ್ತಡ ಏಕೆ ಏರುತ್ತದೆ ಎಂಬುದಕ್ಕೆ ದಾರಿ ತೋರಿದ್ದು ನಾಯಿಗಳು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವೈದ್ಯರು ನಾಯಿಯ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಬೆಳ್ಳಿಯ ಸಣ್ಣ ಚಿಮಟದಿಂದ ತುಸು ಬಿಗಿದರು. ನಾಯಿಯ ರಕ್ತದೊತ್ತಡ ಏರಿ ನಿಂತಿತು. ಇದನ್ನು ಅವರು 1934ರಲ್ಲಿ ಪ್ರಕಟಿಸಿದರು. ರಕ್ತ ಕಡಿಮೆ ಬಂದಾಗ ಮೂತ್ರಪಿಂಡ ಸುಮ್ಮನಿರುವುದಿಲ್ಲ, ಒತ್ತಡ ಏರಿಸುವ ಕೆಲಸ ಹೂಡುತ್ತದೆ. 1940ರ ಹೊತ್ತಿಗೆ ಅಮೆರಿಕದಲ್ಲಿ ಇರ್ವಿನ್ ಪೇಜ್ ಮತ್ತು ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಬ್ರೌನ್-ಮೆನೆಂಡೆಸ್ ಅವರ ತಂಡ, ಬೇರೆ ಬೇರೆಯಾಗಿ, ಈ ಕೆಲಸ ಮಾಡುವ ಒಂದೇ ವಸ್ತುವನ್ನು ಕಂಡುಹಿಡಿದವು. ಎರಡೂ ಕಡೆಯವರು ಎರಡು ಹೆಸರಿಟ್ಟಿದ್ದರು. ಕೊನೆಗೆ ಎರಡನ್ನೂ ಅರ್ಧರ್ಧ ಕೂಡಿಸಿ ಆಂಜಿಯೊಟೆನ್ಸಿನ್ ಎಂದು ರಾಜಿಯಾದರು. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಸಕ್ಕರೆಯ ಖಾತೆ. ಇದು ಬಹಳ ಹಳೆಯದು. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುತ್ತದೆ ಎಂದು ನಮ್ಮ ಪ್ರಾಚೀನ ವೈದ್ಯರು ಬರೆದಿಟ್ಟಿದ್ದರು. ಆದರೆ ದೇಹದ ಯಾವ ಅಂಗ ಕೆಟ್ಟರೆ ಹೀಗಾಗುತ್ತದೆ ಎಂದು ತಿಳಿದದ್ದು 1889ರಲ್ಲಿ. ಆಗ ಜರ್ಮನಿಯ ಆಳ್ವಿಕೆಯಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಫಾನ್ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿ ಮತ್ತೆ ಮತ್ತೆ ಮೂತ್ರ ಮಾಡತೊಡಗಿತು. ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆ ಇತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂಥ ನಾಯಿಗಳಿಗೇ ಗ್ರಂಥಿಯ ಸಾರ ಕೊಟ್ಟು ಸಕ್ಕರೆ ಇಳಿಸಿದರು. ಅದೇ ಇನ್ಸುಲಿನ್. 1922ರ ಜನವರಿಯಲ್ಲಿ ಅದು ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಸಿಕ್ಕಿತು.

ಒಂದು ಸೋಜಿಗ ಗಮನಿಸಿ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಒತ್ತಡದ ವಸ್ತು ಹುಡುಕಿದ ತಂಡ ಕೆಲಸ ಮಾಡಿದ್ದು ಬರ್ನಾರ್ಡೊ ಹೌಸೇ ಅವರ ಸಂಸ್ಥೆಯಲ್ಲಿ. ಆ ಹೌಸೇ ಅವರಿಗೆ 1947ರಲ್ಲಿ ನೊಬೆಲ್ ಬಹುಮಾನ ಬಂದದ್ದು ಸಕ್ಕರೆ ಕಾಯಿಲೆಗೂ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೂ ಇರುವ ನಂಟನ್ನು ನಾಯಿಗಳಲ್ಲಿ ಕಂಡುದಕ್ಕೆ. ಎರಡೂ ಕಾಯಿಲೆಗಳ ವಿಚಾರಣೆ ಒಂದೇ ಸೂರಿನ ಕೆಳಗೆ ನಡೆದಿತ್ತು. ಆದರೂ ಈ ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಬ್ಯಾಂಕಿನ ಒಂದೇ ಮೇಜಿನ ಮೇಲೆ ಎರಡು ಲೆಡ್ಜರುಗಳಿದ್ದು, ಎರಡನ್ನೂ ಒಟ್ಟಿಗೆ ತೆರೆದು ನೋಡದ ಹಾಗೆ.

ಅವನ್ನು ಒಟ್ಟಿಗೆ ತೆರೆದು ತೋರಿಸಿದ್ದು ಇಲಿ. ಇಲಿಯೇ ಏಕೆ ಎಂದು ಕೇಳಬಹುದು. ಇಲಿ ನಾವು ತಿನ್ನುವುದನ್ನೆಲ್ಲ ತಿನ್ನುತ್ತದೆ. ಅದರ ಆಯುಸ್ಸು ಎರಡು ಮೂರು ವರ್ಷ. ನಮ್ಮಂಥ ನೌಕರರಿಗೆ ಒಂದು ಊರಿನಿಂದ ಇನ್ನೊಂದಕ್ಕೆ ವರ್ಗವಾಗುವಷ್ಟರಲ್ಲಿ ಇಲಿಯ ಹಲವು ತಲೆಮಾರು ಕಳೆದಿರುತ್ತವೆ. ಅಜ್ಜನ ಕಾಯಿಲೆ ಮೊಮ್ಮಗನಿಗೆ ಹೇಗೆ ಬರುತ್ತದೆ ಎಂದು ನೋಡಲು ಐವತ್ತು ವರ್ಷ ಕಾಯಬೇಕಾಗಿಲ್ಲ.

ಈ ಕಥೆಯಲ್ಲಿ ನಮ್ಮ ಕನ್ನಡದ ಹೆಸರೂ ಒಂದು ಕಡೆ ಬರುತ್ತದೆ. ನೀಲಗಿರಿ ಬೆಟ್ಟದ ಕೂನೂರಿನಲ್ಲಿ 1918ರಲ್ಲಿ ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗಾಗಿ ಒಂದು ಸಣ್ಣ ಪ್ರಯೋಗಶಾಲೆ ತೆರೆದರು. ಅಲ್ಲಿ ಅವರು ಇಲಿಗಳನ್ನು ಗುಂಪು ಗುಂಪಾಗಿ ಮಾಡಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಪ್ರದೇಶದ ಜನರ ಊಟ ಹಾಕಿದರು. ಸಿಖ್ಖರ ಊಟ, ಪಠಾಣರ ಊಟ, ಮರಾಠರ ಊಟ, ಗೂರ್ಖರ ಊಟ, ಕನ್ನಡಿಗರ ಊಟ, ಬಂಗಾಳಿಗಳ ಊಟ, ಮದ್ರಾಸಿಗಳ ಊಟ. ಎಂಬತ್ತು ದಿನಗಳ ಮೇಲೆ ತೂಗಿದರು. ಹಿಟ್ಟು ಸೋಸದ ಗೋಧಿಯ ಚಪಾತಿ, ಹಾಲು, ಬೆಣ್ಣೆ, ಬೇಳೆ, ಕಾಯಿಪಲ್ಯ ತಿಂದ ಸಿಖ್ಖರ ಗುಂಪಿನ ಇಲಿ ಸರಾಸರಿ 235 ಗ್ರಾಂ ತೂಗಿತು. ಪಾಲಿಶ್ ಅಕ್ಕಿಯ ಅನ್ನ ತಿಂದ ಮದ್ರಾಸಿನ ಗುಂಪಿನದು 155 ಗ್ರಾಂ. ನಮ್ಮ ಕನ್ನಡದ ಇಲಿ ನಡುವೆ ನಿಂತಿತು, 185 ಗ್ರಾಂ. ಮೆಕ್‌ಕ್ಯಾರಿಸನ್ ಅಂದು ಹುಡುಕುತ್ತಿದ್ದುದು ಬಿ.ಪಿ.ಯನ್ನಲ್ಲ, ಸಕ್ಕರೆಯನ್ನೂ ಅಲ್ಲ. ಆದರೆ ಒಂದೇ ಜಾತಿಯ ಇಲಿ ತಟ್ಟೆ ಬದಲಾದರೆ ಬೇರೆಯೇ ಪ್ರಾಣಿಯಾಗುತ್ತದೆ ಎಂಬುದನ್ನು ಅವರು ತೂಕ ಹಾಕಿ ತೋರಿಸಿದರು. ಮುಂದಿನ ಕಥೆಗೆ ಈ ಪಾಠ ಬೇಕು.

ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ. ಕೂನೂರಿನ ಕಾಲದಿಂದ ಸಾಕಿಬಂದ ವಿಸ್ಟಾರ್ ಎಂಬ ಬಿಳಿ ಇಲಿಗಳ ವಂಶ ಇಂದಿಗೂ ಆ ಸಂಸ್ಥೆಯ ಹೆಸರಿನಲ್ಲೇ ನಡೆದಿದೆ. ನೌಕರಿಯಲ್ಲಿದ್ದಾಗ ತರಬೇತಿಗೆಂದು ಹೈದರಾಬಾದಿಗೆ ಹೋದಾಗಲೆಲ್ಲ ನಾನು ಆ ಗೇಟಿನ ಮುಂದೆ ಸಿಟಿ ಬಸ್ಸಿನಲ್ಲಿ ಹಾದುಹೋದವನು. ಒಳಗೆ ನಮ್ಮ ಅಣ್ಣನ ಪ್ರಶ್ನೆಗೆ ಸಂಬಂಧಪಟ್ಟ ಇಲಿಗಳಿವೆ ಎಂದು ಆಗ ಗೊತ್ತಿರಲಿಲ್ಲ.

ಅದೇ ವಿಸ್ಟಾರ್ ಕುಲದ ಇಲಿಗಳು ಜಪಾನಿನಲ್ಲೂ ಇದ್ದವು. ಕ್ಯೋಟೊ ನಗರದಲ್ಲಿ ಒಕಾಮೊಟೊ ಮತ್ತು ಅಓಕಿ ಎಂಬ ವಿಜ್ಞಾನಿಗಳು ತಾನಾಗಿಯೇ ಒತ್ತಡ ಹೆಚ್ಚಿದ್ದ ಒಂದು ಗಂಡಿಲಿಯನ್ನು ಆರಿಸಿ, ಒತ್ತಡ ತುಸು ಹೆಚ್ಚಿದ್ದ ಹೆಣ್ಣಿಲಿಯೊಡನೆ ಕೂಡಿಸಿದರು. ಮರಿಗಳಲ್ಲಿ ಒತ್ತಡ ಹೆಚ್ಚಿದ್ದವನ್ನೇ ಮತ್ತೆ ಮತ್ತೆ ಆರಿಸಿದರು. 1963ರಲ್ಲಿ ಅವರು ಲೋಕಕ್ಕೆ ತಿಳಿಸಿದ ಆ ವಂಶದಲ್ಲಿ ಬೆಳೆದ ಇಲಿಗಳಿಗೆಲ್ಲ ಬಿ.ಪಿ. ಬರುತ್ತದೆ. ಯಾರೂ ರಕ್ತನಾಳ ಬಿಗಿಯಬೇಕಿಲ್ಲ, ಹುಟ್ಟಿನಿಂದಲೇ ಬಂದ ಆಸ್ತಿ. ಅದೇ ಸುಮಾರಿಗೆ, 1962ರಲ್ಲಿ, ಅಮೆರಿಕದ ಲೂಯಿಸ್ ಡಾಲ್ ಇಲಿಗಳ ಎರಡು ವಂಶ ಬೇರ್ಪಡಿಸುತ್ತಿದ್ದರು. ಎರಡಕ್ಕೂ ಒಂದೇ ಉಪ್ಪಿನ ಊಟ ಹಾಕಿದರೂ ಒಂದಕ್ಕೆ ಒತ್ತಡ ಏರುತ್ತಿತ್ತು, ಇನ್ನೊಂದಕ್ಕೆ ಏರುತ್ತಿರಲಿಲ್ಲ. "ಅವರೂ ಅದೇ ಉಪ್ಪಿನಕಾಯಿ ತಿಂತಾರ, ಅವರಿಗ್ಯಾಕ ಇಲ್ಲ?" ಎಂದು ನಾವು ಕೇಳುತ್ತೇವಲ್ಲ, ಅದಕ್ಕೆ ಡಾಲ್ ಅವರ ಇಲಿಗಳೇ ಉತ್ತರ.

ಈಗ ಎರಡು ಲೆಡ್ಜರುಗಳು ಒಂದೇ ಮೇಜಿಗೆ ಬಂದ ಘಟ್ಟ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ರೀವನ್ ಎಂಬ ವೈದ್ಯರಿದ್ದರು. 1987ರಲ್ಲಿ ಅವರ ತಂಡ, ಯಾವ ಕಾಯಿಲೆಯೂ ಇಲ್ಲದ ಇಲಿಗಳಿಗೆ ಫ್ರಕ್ಟೋಸ್ ಎಂಬ ಸಕ್ಕರೆಯೇ ಬಹುಪಾಲು ಇರುವ ಆಹಾರ ಹಾಕಿತು. ಎರಡು ವಾರ ಕಳೆಯುವಷ್ಟರಲ್ಲಿ ಮೂರು ಸಂಗತಿ ನಡೆದವು. ರಕ್ತದಲ್ಲಿ ಇನ್ಸುಲಿನ್ ಏರಿತು, ಕೊಬ್ಬು ಏರಿತು, ಒತ್ತಡವೂ 124ರಿಂದ 145ಕ್ಕೆ ಏರಿತು. ಉಪ್ಪು ಹೆಚ್ಚು ಮಾಡಿರಲಿಲ್ಲ, ನಾಳ ಬಿಗಿದಿರಲಿಲ್ಲ. ಮರುವರ್ಷದ ಪ್ರಯೋಗದಲ್ಲಿ, ಅದೇ ಆಹಾರ ತಿಂದರೂ ಓಡುವ ವ್ಯಾಯಾಮ ಮಾಡಿದ ಇಲಿಗಳಲ್ಲಿ ಒತ್ತಡ ಅಷ್ಟು ಏರಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಇದನ್ನು ಕೇಳಿ ಹಣ್ಣು ತಿನ್ನುವುದನ್ನು ಬಿಡಬೇಡಿ. ಆ ಇಲಿಗಳ ಊಟದ ಮೂರರಲ್ಲಿ ಎರಡು ಪಾಲು ಬರೀ ಫ್ರಕ್ಟೋಸ್ ಆಗಿತ್ತು.

ಇನ್ಸುಲಿನ್ ಏರಿತು ಎಂದರೆ ಒಳ್ಳೆಯದಲ್ಲವೇ ಎಂದು ನಿಮಗೆ ಅನಿಸಬಹುದು. ಅದನ್ನು ಹೀಗೆ ತಿಳಿಯಿರಿ. ಇನ್ಸುಲಿನ್ ಎಂದರೆ ಸಕ್ಕರೆಯನ್ನು ಸ್ನಾಯುವಿನ ಒಳಗೆ ಬಿಡುವ ಬಾಗಿಲು ಕಾಯುವವನು. ಕೆಲವರ ಸ್ನಾಯು ಅವನ ಮಾತನ್ನು ಸುಲಭಕ್ಕೆ ಕೇಳುವುದಿಲ್ಲ. ಆಗ ದೇಹ ಒಬ್ಬನ ಬದಲು ನಾಲ್ವರನ್ನು ಕಳಿಸುತ್ತದೆ. ಸಕ್ಕರೆ ಹಿಡಿತದಲ್ಲೇ ಇರುತ್ತದೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣುತ್ತದೆ. ಆದರೆ ಹೆಚ್ಚಿದ ಇನ್ಸುಲಿನ್ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಹೇಳುತ್ತದೆ, ನರಗಳನ್ನು ಕೆರಳಿಸುತ್ತದೆ. ವರ್ಷಗಟ್ಟಲೆ ನಾಲ್ವರ ಸಂಬಳ ಕೊಟ್ಟು ಗ್ರಂಥಿ ದಣಿದ ದಿನ ಸಕ್ಕರೆ ಹೊರಬೀಳುತ್ತದೆ. ಸ್ನಾಯುವಿನ ಈ ಮೊಂಡುತನಕ್ಕೆ ವೈದ್ಯರು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ.

1988ರಲ್ಲಿ ರೀವನ್ ಮತ್ತು ಅವರ ಜೊತೆಗಾರರು ಕ್ಯೋಟೊ ವಂಶದ ಬಿ.ಪಿ. ಇಲಿಗಳನ್ನು ಪರೀಕ್ಷಿಸಿದರು. ಅವು ದಪ್ಪಗಿರಲಿಲ್ಲ. ಆದರೂ ಅವುಗಳಲ್ಲಿ ಇದೇ ಮೊಂಡುತನದ ಗುರುತು ಸಿಕ್ಕಿತು. ಡಾಲ್ ಅವರ ಉಪ್ಪಿನ ಇಲಿಗಳಲ್ಲೂ ಮುಂದೆ ಸಿಕ್ಕಿತು. ಬಿ.ಪಿ. ಇರುವ ಮನುಷ್ಯರಲ್ಲಿ ದಪ್ಪಗಿಲ್ಲದವರಲ್ಲೂ ಇದು ಇದೆ ಎಂದು ಇಟಲಿಯ ವೈದ್ಯರು 1987ರಲ್ಲೇ ತೋರಿಸಿದ್ದರು. ಬಿ.ಪಿ., ಸಕ್ಕರೆ, ರಕ್ತದ ಕೊಬ್ಬು, ಇವು ಒಂದೇ ಗುಂಪಿನ ಕಾಯಿಲೆಗಳು ಎಂದು ರೀವನ್ 1988ರ ತಮ್ಮ ಹೆಸರಾಂತ ಉಪನ್ಯಾಸದಲ್ಲಿ ಸಾರಿದರು.

ಹಾಗಾದರೆ ಬಿ.ಪಿ.ಯೇ ತಾಯಿ, ಸಕ್ಕರೆ ಮಗಳೇ? ಇದನ್ನು ತಿಳಿಯಲು ಹಳೆಯ ಗೋಲ್ಡ್‌ಬ್ಲಾಟ್ ಉಪಾಯ ಮತ್ತೆ ಕೆಲಸಕ್ಕೆ ಬಂತು. 1991ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಇಲಿಗಳ ಮೂತ್ರಪಿಂಡದ ನಾಳಕ್ಕೆ ಚಿಮಟ ಹಾಕಿ ಬಿ.ಪಿ. ತರಿಸಿದರು. ಒತ್ತಡ ಏರಿತು, ಆದರೆ ಇನ್ಸುಲಿನ್ನಿನ ಕೆಲಸ ಕೆಡಲಿಲ್ಲ. ಎಂದರೆ ಬರೀ ಒತ್ತಡ ಏರಿದ ಮಾತ್ರಕ್ಕೆ ಸಕ್ಕರೆ ಕಾಯಿಲೆ ಹುಟ್ಟುವುದಿಲ್ಲ. ಕ್ಯೋಟೊದ ಇಲಿಗಳಿಗೂ ಹುಟ್ಟಾ ಬಿ.ಪಿ. ಇದ್ದರೂ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಬರುವುದಿಲ್ಲ.

ಆದ್ದರಿಂದ ಈ ಎರಡು ತಾಯಿ-ಮಗಳಲ್ಲ, ನೆಗೆಣ್ಣಿಯರು. ತೆಲುಗಿನಲ್ಲಿ ತೋಡಿಕೋಡಳ್ಳು ಎನ್ನುತ್ತಾರಲ್ಲ, ಹಾಗೆ. ಒಬ್ಬರು ಇನ್ನೊಬ್ಬರನ್ನು ಹೆತ್ತಿಲ್ಲ. ಇಬ್ಬರೂ ಒಂದೇ ಮನೆಗೆ ಬಂದವರು. ವಂಶ, ಊಟ, ಮೈಗೆ ಕೆಲಸವಿಲ್ಲದಿರುವುದು, ಹೊಟ್ಟೆಯ ಕೊಬ್ಬು, ಇವೇ ಆ ಮನೆ. ಒಬ್ಬಳು ಒಳಗೆ ಬಂದಿದ್ದಾಳೆ ಎಂದರೆ ಇನ್ನೊಬ್ಬಳಿಗೂ ಬಾಗಿಲು ತೆರೆದಿದೆ ಎಂದು ಅರ್ಥ. ಒಳಗೆ ಬಂದಮೇಲೆ ಇಬ್ಬರೂ ಕೂಡಿ ಕಣ್ಣು, ಕಿಡ್ನಿ, ಹೃದಯಕ್ಕೆ ಕೊಡುವ ಕಾಟ ಒಬ್ಬಳೇ ಕೊಡುವುದಕ್ಕಿಂತ ಬಹಳ ಹೆಚ್ಚು.

ಇಬ್ಬರನ್ನೂ ಬೆಸೆಯುವ ಒಂದು ಕೊಂಡಿಯೂ ಇಲಿಗಳಲ್ಲೇ ಸಿಕ್ಕಿತು. ಅದು ನಾನು ನೆನಪಿಡಿ ಎಂದ ಆಂಜಿಯೊಟೆನ್ಸಿನ್. ಅದು ರಕ್ತನಾಳವನ್ನು ಬಿಗಿಯುತ್ತದೆ, ಸ್ನಾಯು ಇನ್ಸುಲಿನ್ನಿನ ಮಾತು ಕೇಳುವುದನ್ನೂ ಕೆಡಿಸುತ್ತದೆ. ನಮ್ಮ ಕೋಟ್‌ಪಲ್ಲಿ ಪ್ರಾಜೆಕ್ಟಿನ ಕಾಲುವೆ ನೋಡಿದವರಿಗೆ ಇದು ತಿಳಿಯುತ್ತದೆ. ಕಾಲುವೆ ಕಿರಿದಾದರೆ ಮೇಲೆ ನೀರಿನ ಒತ್ತಡ ಏರುತ್ತದೆ, ಕೊನೆಯ ಹೊಲಕ್ಕೆ ನೀರೂ ಮುಟ್ಟುವುದಿಲ್ಲ. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದಲ್ಲಿ ಈ ವಸ್ತು ಹುಟ್ಟದಂತೆ ತಡೆಯುವ ಗುಣ ಇರುವುದು 1960ರ ದಶಕದಲ್ಲಿ ತಿಳಿದು, 1970ರ ದಶಕದಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಗುಳಿಗೆ ಹುಟ್ಟಿತು. ಅದನ್ನು ಕೊಬ್ಬಿದ ಇಲಿಗಳಿಗೆ ಕೊಟ್ಟಾಗ ಅವುಗಳ ಸ್ನಾಯು ಸಕ್ಕರೆಯನ್ನು ಮೊದಲಿಗಿಂತ ಚೆನ್ನಾಗಿ ಒಳಗೆ ತೆಗೆದುಕೊಂಡಿತು.

ಇಲಿಯ ಲೆಕ್ಕ ಮನುಷ್ಯನಿಗೆ ತಾಳೆಯಾಗುತ್ತದೆಯೇ? ಇಲಿಯ ಖಾತೆಯನ್ನು ನಮ್ಮ ಖಾತೆಗೆ ಹಾಗೇ ಬರೆದುಕೊಳ್ಳಬಾರದು, ಪರಿಶೀಲಿಸಬೇಕು. ಪರಿಶೀಲನೆ ನಡೆದಿದೆ. ಅಮೆರಿಕದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ನೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬಿ.ಪಿ. ಇದ್ದವರಿಗೆ ಸಕ್ಕರೆ ಕಾಯಿಲೆ ಬಂದದ್ದು ಇಲ್ಲದವರಿಗಿಂತ ಸುಮಾರು ಎರಡೂವರೆ ಪಟ್ಟು. 2021ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳ ಮುಂದಾಳತ್ವದಲ್ಲಿ 19 ಪ್ರಯೋಗಗಳ 1,45,939 ಜನರ ಲೆಕ್ಕ ಕೂಡಿಸಿದರು. ಮೇಲಿನ ಒತ್ತಡವನ್ನು ಐದು ಅಂಕಿ ಇಳಿಸಿದರೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಅಪಾಯ ನೂರಕ್ಕೆ ಹನ್ನೊಂದರಷ್ಟು ತಗ್ಗುತ್ತದೆ ಎಂದು ಕಂಡಿತು. ಆಂಜಿಯೊಟೆನ್ಸಿನ್ ತಡೆಯುವ ಗುಳಿಗೆಗಳಿಂದ ಇನ್ನೂ ಹೆಚ್ಚು, ನೂರಕ್ಕೆ ಹದಿನಾರರಷ್ಟು.

ಸಂತೆಯಲ್ಲಿ ಅಣ್ಣನಿಗೆ ಹೇಳಿದವನ ಮಾತು ಪೂರಾ ಸುಳ್ಳೇ? ಇಲ್ಲ, ಅದರಲ್ಲಿ ಒಂದು ಕಾಳಿನಷ್ಟು ನಿಜವಿತ್ತು. ಬೀಟಾ ಬ್ಲಾಕರ್, ಥಯಜೈಡ್ ಎಂಬ ಎರಡು ಹಳೆಯ ಬಗೆಯ ಗುಳಿಗೆಗಳಿಂದ ಕೆಲವರಲ್ಲಿ ಸಕ್ಕರೆಯ ಅಪಾಯ ಏರುವುದುಂಟು ಎಂದು ಅದೇ 2021ರ ಲೆಕ್ಕ ಹೇಳಿತು. ಆದರೆ ಆ ಗುಳಿಗೆಗಳೂ ಲಕ್ವವನ್ನು ತಡೆಯುತ್ತವೆ. ಕೆಲವರಿಗೆ ಅವೇ ಬೇಕಾಗುತ್ತವೆ. ಸಂಶಯ ಬಂದರೆ ವೈದ್ಯರನ್ನು ಕೇಳಿ ಗುಳಿಗೆ ಬದಲಿಸಬಹುದು. ತಾನಾಗಿಯೇ ಬಿಡುವುದು ಮಾತ್ರ ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗೆ. ಕಾಳಿನಷ್ಟು ನಿಜಕ್ಕೆ ನಮ್ಮಣ್ಣ ಒಂದು ಕೈ ತೆತ್ತ.

ಹೈದರಾಬಾದಿನ ಇಲಿಗಳ ಕಡೆಗೆ ಮತ್ತೆ ಬರೋಣ. 1990ರ ದಶಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆ ಹಳೆಯ ವಂಶದಲ್ಲಿ ತಾವಾಗಿಯೇ ಕೆಲವು ಅತಿ ದಪ್ಪ ಇಲಿಗಳು ಹುಟ್ಟಿದವು. ಅವು ಬೆಳೆದು ಒಂದು ಕಿಲೋಗೂ ಮಿಕ್ಕಿ ತೂಗುತ್ತವೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚು, ಆಯುಸ್ಸು ಕಡಿಮೆ. ಅವುಗಳಲ್ಲಿ ಒಂದು ಕವಲಿಗೆ ಸಕ್ಕರೆ ತಾಳುವ ಶಕ್ತಿಯೂ ಕುಗ್ಗಿದೆ. ಕೂನೂರಿನಲ್ಲಿ ಊಟ ಸಾಲದ ರೋಗಗಳನ್ನು ಹುಡುಕಲು ಸಾಕಿದ ಇಲಿಗಳ ವಂಶ, ಈಗ ಊಟ ಹೆಚ್ಚಾದ ರೋಗಗಳನ್ನು ಹುಡುಕಲು ನೆರವಾಗುತ್ತಿದೆ. ನಮ್ಮ ಜನರ ಕಥೆಯೂ ಅದೇ ಅಲ್ಲವೇ? 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ ನಮ್ಮಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ದೊಡ್ಡವರಲ್ಲಿ ನೂರಕ್ಕೆ ಮೂವತ್ತೈದು ಜನರಿಗೆ ಬಿ.ಪಿ. ಇದೆ ಎಂದೂ ಹೇಳಿತು.

ಆತ್ಮೀಯರೇ, ಈ ಕಥೆಯಲ್ಲಿ ಬಂದ ಕುದುರೆ, ನಾಯಿ, ಇಲಿ ಯಾವುದೂ ತಾನಾಗಿ ಒಪ್ಪಿ ಬಂದದ್ದಲ್ಲ. ಅವುಗಳ ಜೀವದ ಮೇಲೆ ಬರೆದ ಲೆಕ್ಕ ಇದು. ನಮ್ಮ ಹೆಸರಿನಲ್ಲಿ ಯಾರೋ ತೀರಿಸಿದ ಸಾಲ. ಸಾಲ ತೀರಿಸಿದವರ ಲೆಕ್ಕವನ್ನು ಓದದೆ ಬಿಟ್ಟರೆ ನಷ್ಟ ನಮಗೇ.

ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಸಕ್ಕರೆ ನೋಡಿಸಿಕೊಳ್ಳಿ. ಸಕ್ಕರೆ ಇರುವವರು ಹೋದಾಗಲೆಲ್ಲ ಬಿ.ಪಿ. ನೋಡಿಸಿಕೊಳ್ಳಿ. ಉಪ್ಪು ಕಡಿಮೆ ಮಾಡಿ, ಸಿಹಿ ಪಾನೀಯ ಬಿಡಿ, ಜೋಳದ ರೊಟ್ಟಿ, ತೊಗರಿಬೇಳೆ, ಕಾಯಿಪಲ್ಯ ಬಿಡಬೇಡಿ. ಓಡಿದ ಇಲಿಯನ್ನು ನೆನೆದು ದಿನಾ ನಡೆಯಿರಿ.

ನಮ್ಮಣ್ಣ ಈಗ ಮುಂಜಾನೆ ಬಲಗೈಯಲ್ಲಿ ಕೋಲು ಹಿಡಿದು ನನ್ನ ಜೊತೆ ಓಣಿಯ ಕೊನೆಯವರೆಗೆ ನಡೆಯುತ್ತಾನೆ. ಅವನಿಗೂ ಗುಳಿಗೆ ಉಂಟು, ನನಗೂ ಉಂಟು. ಮೊನ್ನೆ ಕೇಳಿದ: "ತಮ್ಮಾ, ಇವತ್ತಿಂದು ತಗೊಂಡ್ಯಾ?" ತಗೊಂಡಿದ್ದೆ. ನೀವೂ ಮನೆಯ ಹಿರಿಯರನ್ನು ಇವತ್ತು ಒಂದು ಮಾತು ಕೇಳಿ. ನನ್ನ ಹಾಗೆ ಸುಮ್ಮನಿರಬೇಡಿ.